ಬಣ್ಣ ಬಳಿದ ಬಿರುಗಾಳಿ

ಅವತ್ತು ನಲ್ಲಿಯಲ್ಲಿ ನೀರು ಬರುವ ದಿನ. ಬೇಸಿಗೆಯಲ್ಲಿ ಶಿಡ್ಲಘಟ್ಟದ ನಮ್ಮ ಬೀದಿಗೆ ನೀರು ಬರುವುದೇ ಅಪರೂಪ. ಬಂದರೂ ಬೆಳಕು ಹರಿಯುವ ಮೊದಲೇ ಬಂದು, ಕಾಫಿ ಸೋಸಿಕೊಳ್ಳುವಷ್ಟರಲ್ಲಿ ಗೊರಗೊರ ಎಂದು ನಿಂತುಬಿಡುತ್ತಿತ್ತು. ಹಂಡೆ, ಕೊಡ, ಬಕೆಟ್ಟು, ಕೊನೆಗೆ ಹಿಟ್ಟು ಕಲಸುವ ಬೇಸಿನ್ನನ್ನೂ ಬಿಡದೆ ತುಂಬಿಸಿಟ್ಟೆ. ಬೀದಿಯ ಆ ತುದಿಯಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಗಳ ಒಲೆ ಹತ್ತಿ, ಗೂಡು ಬೇಯುವ ವಾಸನೆ ಎಂದಿನಂತೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬರುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಆ ವಾಸನೆಗೆ ಸೆರಗು ಮೂಗಿಗೆ ಹಿಡಿದು ಓಡಾಡುತ್ತಿದ್ದವಳು ನಾನು. ಆಮೇಲೆ ಆಮೇಲೆ, ಅದು ಬರದಿದ್ದರೆ ಇವತ್ತೇನು ಮಾರ್ಕೆಟ್ಟಿಗೆ ರಜವೋ ಎಂದು ಕೇಳುವ ಹಾಗಾಯಿತು.

ಚಿಕ್ಕಬಳ್ಳಾಪುರದ ಕಚೇರಿಗೆ ಹೋಗುವ ಗಂಡನಿಗೆ ಉಪ್ಪಿಟ್ಟು, ಅವರ ಡಬ್ಬಿಗೆ ಚಿತ್ರಾನ್ನ, ಮಾವನಿಗೆ ಸಕ್ಕರೆ ಇಲ್ಲದ ಕಾಫಿ, ಅತ್ತೆಗೆ ಮಡಿಯ ನೀರು ಬೇರೆ. ಎಲ್ಲ ಮುಗಿಸಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಿರುವಾಗ ಮಾವ ಅಡುಗೆಮನೆಯ ಹೊಸಿಲ ಆಚೆ ನಿಂತು ಗಂಟಲು ಸರಿಮಾಡಿಕೊಂಡರು.

"ಇವತ್ತು ಚಿಂತಾಮಣಿಗೆ ಹೋಗೋದು ನೆನಪೈತೇನಮ್ಮ?"

ಆ ವಾರದಲ್ಲಿ ಅವರು ಅದನ್ನು ಎಷ್ಟು ಸಲ ಕೇಳಿದ್ದರೋ. "ಐತೆ ಮಾವ," ಎಂದೆ.

"ಸಂಜೆ ಸಭೆ. ಮಧ್ಯಾಹ್ನದೊಳಗೆ ಬಂದ್ಬಿಡಬೇಕು."

"ಬರ್ತೀನಿ ಮಾವ."

"ತಂದೋಳು ಹಿತ್ತಲ ಬಾಗಿಲಿಂದ ಬಾ," ಎಂದು ದೇವರ ಮನೆಯಿಂದ ಅತ್ತೆಯ ದನಿ ಬಂತು. "ಹೊಸಿಲು ದಾಟಿಸ್ಬೇಡ ಅವನ್ನ. ಆಮೇಲೆ ಎಲ್ರೂ ತಲೆಗೆ ಸ್ನಾನ."

ತುಂಬಿಸಿಟ್ಟ ನೀರಿನ ಕಡೆ ಒಮ್ಮೆ ನೋಡಿದೆ. ಎಲ್ಲರೂ ತಲೆಗೆ ಸ್ನಾನ ಮಾಡಿದರೆ ನಾಳೆ ಅಕ್ಕಿ ತೊಳೆಯುವುದು ಯಾವುದರಲ್ಲಿ ಎಂದು ಕೇಳಬೇಕೆನಿಸಿತು. ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ದೊಡ್ಡವರ ಮುಂದೆ ತುಟಿ ಮುಚ್ಚಿ ನಗುವುದನ್ನು ಚೆನ್ನಾಗಿಯೇ ಕಲಿಸಿದ್ದರು. ನಕ್ಕೆ.

ಚಿಂತಾಮಣಿಯಿಂದ ತರಬೇಕಿದ್ದ ಆ ಫೋಟೋಗಳ ಕಥೆ ನಾನು ಈ ಮನೆಗೆ ಬರುವುದಕ್ಕಿಂತ ಹಿಂದಿನದು. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಆಂಧ್ರದ ಸಮುದ್ರ ತೀರಕ್ಕೆ ಭಾರಿ ಬಿರುಗಾಳಿ ಬಡಿಯಿತು. ಸಮುದ್ರವೇ ಎದ್ದು ಊರೊಳಗೆ ನುಗ್ಗಿ ಲೆಕ್ಕವಿಲ್ಲದಷ್ಟು ಜನ ಸತ್ತರು. ನಮ್ಮೂರಿನವರು ಮನೆಮನೆ ತಿರುಗಿ ಬಟ್ಟೆ, ಕಂಬಳಿ, ಅಕ್ಕಿ, ರಾಗಿಹಿಟ್ಟು ಕೂಡಿಸಿ ಒಂದು ಲಾರಿ ತುಂಬಿದರು. ಲಾರಿ ಮಾವನ ಸ್ನೇಹಿತರದು. ಅವರು ರೇಷ್ಮೆ ವ್ಯಾಪಾರ ಮಾಡುತ್ತಿದ್ದ ಮುಸ್ಲಿಮರು, ನಮ್ಮ ಮನೆಯಲ್ಲಿ ಎಲ್ಲರೂ ಅವರನ್ನು ಸಾಹೇಬರು ಎಂದೇ ಕರೆಯುತ್ತಿದ್ದರು. ಲಾರಿಯ ಜೊತೆ ಹೋದವರು ಮಾವ, ಸಾಹೇಬರು ಮತ್ತು ಎಲ್ಲಿಂದಲೋ ಬಂದಿದ್ದ ಒಬ್ಬ ಡ್ರೈವರು. ಮಾವನ ಹೆಗಲಲ್ಲಿ ಅವರ ಡಬ್ಬಿ ಕ್ಯಾಮೆರಾ.

ಅಲ್ಲಿ ಕಂಡದ್ದನ್ನು ಮಾವ ಫೋಟೋ ತೆಗೆದರು. ಸಾಮಾನು ಹಂಚಿದರು. ತಿರುಗಿ ಬರುವ ದಾರಿಯಲ್ಲಿ ತಿರುಪತಿ ಸಿಕ್ಕಿತು. ಅಷ್ಟೊಂದು ಹೆಣಗಳನ್ನು ನೋಡಿದ ಕಣ್ಣಿಗೆ ದೇವರನ್ನಾದರೂ ತೋರಿಸೋಣ ಎಂದು ಮಾವ ಬೆಟ್ಟ ಹತ್ತಿದರು. ಸಾಹೇಬರು ಕೆಳಗೆ ಲಾರಿಯಲ್ಲಿ ಕಾದರು. ಅತ್ತೆಗೆಂದು, ಬೀದಿಯವರಿಗೆಂದು ಮಾವ ಲಡ್ಡು ತಂದರು. ದರ್ಶನ ಮಾಡಿ ಬಂದವರು ನೆಂಟರಿಷ್ಟರಿಗೆ ಪ್ರಸಾದ ಹಂಚದೆ ಇರುವುದುಂಟೇ?

ಆ ಲಡ್ಡುವೇ ಮುಳುವಾಯಿತು. ಪರಿಹಾರದ ಲಾರಿ ಸಮುದ್ರದ ಮುಖವನ್ನೇ ನೋಡಲಿಲ್ಲ, ಸಾಮಾನೆಲ್ಲ ಮದನಪಲ್ಲಿ ಸಂತೆಯಲ್ಲಿ ಮಾರಾಟವಾಯಿತು, ಆ ದುಡ್ಡಿನಲ್ಲಿ ಇವರು ಯಾತ್ರೆ ಮುಗಿಸಿ ಬಂದರು ಎಂದು ಪೇಟೆ ಬೀದಿಯ ಜವಳಿ ಅಂಗಡಿಯ ಯಜಮಾನರು ಯಾರ ಹತ್ತಿರವೋ ಅಂದರಂತೆ. ಅಂದದ್ದು ನಗೆಗೋ ನಿಜಕ್ಕೋ ಗೊತ್ತಿಲ್ಲ. ಊರಿಗೆ ಮಾತ್ರ ಒಂದು ಹೆಸರು ಸಿಕ್ಕಿತು, ಲಡ್ಡು ಲಾರಿ. ನಾನು ಸೊಸೆಯಾಗಿ ಬಂದ ಮೊದಲ ವಾರವೇ ತರಕಾರಿಯವಳು, "ಓ, ಲಡ್ಡು ಲಾರಿಯೋರ ಸೊಸೇನಾ?" ಎಂದು ಕೇಳಿದ್ದಳು. ಇವರು ಮಿಠಾಯಿ ವ್ಯಾಪಾರವೂ ಮಾಡುತ್ತಿದ್ದರೋ ಏನೋ ಎಂದುಕೊಂಡು ನಾನು ಹೌದು ಎಂದು ತಲೆಯಾಡಿಸಿದ್ದೆ.

ಮಾವ ಬಾಯಿ ಬಿಟ್ಟು ಜಗಳವಾಡುವವರಲ್ಲ. ಫೋಟೋ ತೋರಿಸಿದ್ದರೆ ಅವತ್ತೇ ಮಾತು ಮುಗಿಯುತ್ತಿತ್ತು. ಆದರೆ ಅತ್ತೆಯದು ಒಂದೇ ಹಟ, ಹೆಣದ ಫೋಟೋ ಮನೆಯೊಳಗೆ ಬಿಚ್ಚಿದರೆ ಸೂತಕ, ಮನೆಯಲ್ಲಿ ಮದುವೆಯಾಗಬೇಕಾದ ಮಕ್ಕಳಿದ್ದಾರೆ. ಮಕ್ಕಳ ಮದುವೆಗಳೆಲ್ಲ ಆದವು. ಫೋಟೋಗಳು ಮಾತ್ರ ಬಚ್ಚಲುಮನೆಯ ಅಟ್ಟದ ಮೇಲೆ, ಹಳೆ ಪಂಚೆಯ ಗಂಟಿನಲ್ಲಿ ಹೊಗೆ ಕುಡಿಯುತ್ತ ಕೂತವು. ಅಷ್ಟರಲ್ಲಿ ಸಾಹೇಬರು ತೀರಿಕೊಂಡರು. ಡ್ರೈವರು ಯಾವ ಊರಿನವನೋ. ಹೋಗಿದ್ದು ನಿಜ ಎಂದು ಹೇಳಲು ಮಾವನ ಕಡೆ ಯಾರೂ ಉಳಿಯಲಿಲ್ಲ.

ತೊಂಬತ್ತರ ದಶಕ ಶುರುವಾದ ಆ ಬೇಸಿಗೆಯಲ್ಲಿ ಅದೇ ತೀರಕ್ಕೆ ಮತ್ತೊಂದು ಬಿರುಗಾಳಿ ಬಂತು. ಊರಿನಲ್ಲಿ ಮತ್ತೆ ಬಟ್ಟೆಬರೆ ಕೂಡಿಸುವ ಮಾತು ಬಂತು. ಜನ ಕೈ ಬಿಚ್ಚಲಿಲ್ಲ. "ಹೋದ ಸಲದ್ದು ಯಾರ ಹೊಟ್ಟೆಗೆ ಹೋಯ್ತೋ," ಎನ್ನುವವರೇ ಎಲ್ಲ. ಮಾವ ಹೈಸ್ಕೂಲಿನ ಸಭೆಯಲ್ಲಿ ಎದ್ದು ನಿಂತು, "ಮುಂದಿನ ಸಭೆಗೆ ಫೋಟೋ ತಂದು ಗೋಡೆಗೆ ಹಾಕ್ತೀನಿ. ನೋಡಿ, ಆಮೇಲೆ ಕೊಡಿ," ಎಂದು ಬಂದರು. ಅಂಗೈಯಗಲದ ಹಳೆ ಕಪ್ಪುಬಿಳುಪು ಫೋಟೋ ಗೋಡೆಗೆ ಹಾಕಿದರೆ ಯಾರಿಗೆ ಕಾಣುತ್ತದೆ? ದೊಡ್ಡದು ಮಾಡಿಸಬೇಕಿತ್ತು. ಊರಿನ ಸ್ಟುಡಿಯೋಗೆ ಕೊಟ್ಟರೆ ಸಭೆಗೆ ಮುಂಚೆಯೇ ಪೇಟೆಗೆಲ್ಲ ಸುದ್ದಿ ಎಂದು ಅವರೇ ಹೋಗಿ ಚಿಂತಾಮಣಿಯಲ್ಲಿ ಕೊಟ್ಟು ಬಂದರು. ಅವತ್ತು ಬಿಸಿಲಿಗೆ ಕಾಲು ಊದಿಕೊಂಡದ್ದರಿಂದ ತರುವ ಕೆಲಸ ನನ್ನ ಪಾಲಿಗೆ ಬಂತು.

ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದು ಗೂಡಿನ ಮೂಟೆ. ಮೂಟೆಯ ಯಜಮಾನ ನಿಂತಿದ್ದ. "ಒತ್ತಿ ಕೂತ್ಕೊಬೇಡಿ ಅಮ್ಮ, ಮೆತ್ತಗಾಯ್ತದೆ," ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಬಂದ. ಮೂಟೆಗೂ ಟಿಕೀಟು ತೆಗೆಸಿದ್ದನಂತೆ.

ಚಿಂತಾಮಣಿಯ ಆ ಸ್ಟುಡಿಯೋದ ಗಾಜಿನ ಹಿಂದೆ ಸಾಲಾಗಿ ಹಿರಿಯರ ಪಟಗಳಿದ್ದವು. ಎಲ್ಲರಿಗೂ ಒಂದೇ ನಮೂನೆಯ ಕಪ್ಪು ಕೋಟು, ಜರಿ ಪೇಟ. ಹೆಂಗಸರಿಗೆಲ್ಲ ಒಂದೇ ಅಳತೆಯ ಬುಗುಡಿ. ಮತ್ತೆ ಮತ್ತೆ ನೋಡಿದಾಗ ತಿಳಿಯಿತು, ಕಣ್ಣುಗಳೂ ಎಲ್ಲರಿಗೂ ಒಂದೇ. ಬಾದಾಮಿಯಂಥ, ಸ್ವಲ್ಪ ಆಶ್ಚರ್ಯಪಟ್ಟ ಕಣ್ಣು. ಹಳ್ಳಿಯ ಕಡೆ ಬದುಕಿರುವಾಗ ಫೋಟೋ ತೆಗೆಸಿಕೊಂಡವರು ಕಡಿಮೆ. ಸತ್ತ ಮೇಲೆ ಗೋಡೆಗೆ ಒರಗಿಸಿ ಕೂರಿಸಿ ಒಂದು ತೆಗೆಸುತ್ತಾರೆ. ಅದನ್ನು ಈ ಸ್ಟುಡಿಯೋದವನ ಹತ್ತಿರ ತಂದರೆ ಮುಚ್ಚಿದ ಕಣ್ಣನ್ನು ಕುಂಚದಿಂದ ತೆರೆದು, ಬಿದ್ದ ದವಡೆಯನ್ನು ಎತ್ತಿ, ಕೋಟು ತೊಡಿಸಿ, ವರ್ಷದ ತಿಥಿಗೆ ಹಾರ ಹಾಕುವಂಥ ಪಟ ಮಾಡಿಕೊಡುತ್ತಿದ್ದ. ಸುತ್ತಲ ತಾಲ್ಲೂಕುಗಳಿಂದ ಜನ ಹುಡುಕಿಕೊಂಡು ಬರುತ್ತಿದ್ದದ್ದು ಆ ಕಣ್ಣಿಗಾಗಿ. ಮಾವನಿಗೆ ಯಾರೋ "ಚಿಂತಾಮಣಿಯೋನು ದೊಡ್ಡದು ಮಾಡೋದ್ರಲ್ಲಿ ಎತ್ತಿದ ಕೈ" ಎಂದಿದ್ದರು. ಇದನ್ನು ಮಾತ್ರ ಹೇಳಿರಲಿಲ್ಲ.

ಆತ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕಟ್ಟು ತೆಗೆದು, ಹೆಣ್ಣು ತೋರಿಸುವವರ ಹಾಗೆ ಮೆಲ್ಲಗೆ ಒಂದೊಂದೇ ರಟ್ಟು ತಿರುಗಿಸಿದ.

ಮುರಿದು ಬಿದ್ದ ಊರಿನ ಮೇಲೆ ಕಿತ್ತಳೆ ಬಣ್ಣದ ಸಂಜೆ. ನಿಂತ ಉಪ್ಪುನೀರಿಗೆ ನವಿಲಿನ ನೀಲಿ, ಅದರಲ್ಲೊಂದು ತಾವರೆ. ಸತ್ತು ಬಿದ್ದ ಎಮ್ಮೆಗಳ ಕೆಳಗೆ ಹಸಿರು ಹುಲ್ಲು ಬರೆದಿದ್ದರಿಂದ ಅವು ಊಟ ಮುಗಿಸಿ ಮೆಲುಕು ಹಾಕುತ್ತಿರುವ ಹಾಗಿದ್ದವು. ಮಾವ, ಸಾಹೇಬರು ಲಾರಿಗೆ ಒರಗಿ ನಿಂತ ಫೋಟೋದಲ್ಲಿ ಇಬ್ಬರ ಕೆನ್ನೆಯೂ ಗುಲಾಬಿ. ಬಾಗಿಲ ಹಲಗೆಯ ಮೇಲೆ ಮಲಗಿಸಿದ್ದ ಒಬ್ಬ ಮುದುಕ ಅದೇ ಬಾದಾಮಿ ಕಣ್ಣು ತೆರೆದು, ಆಕಾಶದಲ್ಲಿ ಏನೋ ತಮಾಷೆ ಕಂಡವನಂತೆ ನೋಡುತ್ತಿದ್ದ.

"ಏನ್ರೀ ಇದು?" ಎಂದೆ.

"ಯಾಕಮ್ಮ, ಚೆನ್ನಾಗಿಲ್ವಾ?"

"ಈ ಅಜ್ಜ ಸತ್ತಿದಾರೆ."

"ಗೊತ್ತಮ್ಮ. ನನ್ನತ್ರ ಬರೋರೆಲ್ಲ ಸತ್ತೋರೇ. ಸತ್ತೋರ್ನ ಸತ್ತಂಗೇ ಗೋಡೆಗೆ ಹಾಕ್ತಾರಾ ಯಾರಾದ್ರೂ? ಪಾಪ, ಯಾರ ಮನೆ ಹಿರೀಕರೋ."

"ಆ ಎಮ್ಮೆಗಳು?"

"ಅವೂ ಪಾಪವೇ ಅಲ್ವಾ ತಾಯಿ."

ಬೇಕೆಂದು ಕೆಡಿಸಿದವನಾಗಿದ್ದರೆ ಬೈದು ಬರಬಹುದಿತ್ತು. ಆತ ರಟ್ಟಿನ ಅಂಚಿನ ಧೂಳನ್ನು ತನ್ನ ತೋಳಿನಿಂದ ಒರೆಸುತ್ತಿದ್ದ. ಬಣ್ಣವಿಲ್ಲದೆ ಇನ್ನೊಂದು ಪ್ರತಿ ಮಾಡಿಕೊಡಿ ಎಂದರೆ, ಕಾಗದ ಬೆಂಗಳೂರಿನಿಂದ ಬರಬೇಕು, ಬರುವ ವಾರ ನೋಡೋಣ ಎಂದ. ಹಳೆಯ ಪುಟ್ಟ ಫೋಟೋಗಳನ್ನಾದರೂ ಮುಟ್ಟಿದ್ದೀರೋ ಹೇಗೆ ಎಂದು ಕೇಳಿದೆ. ಇಲ್ಲವಂತೆ. ಅಷ್ಟೇ ಪುಣ್ಯ ಎಂದುಕೊಂಡು ಎಲ್ಲವನ್ನೂ ಪೇಪರಿನಲ್ಲಿ ಸುತ್ತಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆ. ಬಸ್ಸಿನಲ್ಲಿ ಪಕ್ಕದ ಹೆಂಗಸು ಪೇಪರಿನ ಮೂಲೆ ಎತ್ತಿ ಇಣುಕಿ, "ಊಟಿನಾ ಅಮ್ಮ? ಹೊಸದಾಗಿ ಮದುವೆ ಆದೋರಾ?" ಎಂದಳು. ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ.

ಹಿತ್ತಲ ಬಾಗಿಲಿಂದಲೇ ಬಂದೆ. ಮಾವ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಚಾಪೆ ಹಾಸಿಕೊಂಡು ಕನ್ನಡಕ ಒರೆಸುತ್ತ ಕಾಯುತ್ತಿದ್ದರು. ಒಂದೊಂದಾಗಿ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಇದು ಯಾತ್ರೆಗೆ ಹೋದೋರ ಫೋಟೋನೇ ಆಯ್ತಲ್ಲಮ್ಮ," ಎಂದರು. ಕನ್ನಡಕ ತೆಗೆದು ಚಾಪೆಯ ಮೇಲಿಟ್ಟು, "ಇವನ್ನ ಗೋಡೆಗೆ ಹಾಕಿದ್ರೆ ಆ ಜವಳಿ ಅಂಗ್ಡಿಯೋರಿಗೆ ನಾನೇ ಹಾರ ಹಾಕ್ದಂಗೆ," ಎಂದರು.

"ಉಜ್ಜಿ ನೋಡ್ಲಾ ಮಾವ? ಆಯಿಲ್ ಬಣ್ಣ ಅಲ್ವಾ, ಸೀಮೆಎಣ್ಣೆಗೆ ಬಿಡಬಹುದು."

ಎಮ್ಮೆಗಳ ಫೋಟೋ ತೆಗೆದುಕೊಂಡು ಹತ್ತಿಯಿಂದ ಉಜ್ಜಿದೆ. ಹುಲ್ಲು ಬಿಟ್ಟಿತು. ಬಿಟ್ಟ ಹುಲ್ಲು ಕಿತ್ತಳೆ ಆಕಾಶದ ಜೊತೆ ಕಲಸಿ, ಇಡೀ ಫೋಟೋ ಹಳಸಿದ ಮಜ್ಜಿಗೆ ಹುಳಿಯ ಬಣ್ಣಕ್ಕೆ ತಿರುಗಿತು. ಮತ್ತಷ್ಟು ಉಜ್ಜಿದೆ. ಕಾಗದ ಬೊಬ್ಬೆ ಎದ್ದು ಎಮ್ಮೆಗಳೇ ಹೋದವು. ಅಷ್ಟರಲ್ಲಿ ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು, "ಸೀಮೆಎಣ್ಣೆ ರೇಷನ್ದು ಕಣೇ, ಹೆಣ ತೊಳೆಯೋಕೆ ಸುರೀತಿದೀಯಲ್ಲ," ಎಂದರು. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು. ಕೈಯಲ್ಲಿದ್ದ ಹತ್ತಿಯನ್ನು ಕಲ್ಲಿನ ಮೇಲೆ ಬಡಿದೆ. ಆ ಮನೆಯಲ್ಲಿ ಅಲ್ಲಿಯವರೆಗೆ ನಾನು ಬಡಿದ ವಸ್ತು ಅದೊಂದೇ. ಅದೂ ಸದ್ದಾಗಲಿಲ್ಲ.

"ಬಿಡಮ್ಮ," ಎಂದರು ಮಾವ. "ಹಳೇವೇ ತಗೊಂಡು ಹೋಗಣ."

ಉಳಿದ ದೊಡ್ಡ ಫೋಟೋಗಳನ್ನು ಹಿತ್ತಲ ಗೋಡೆಗೆ ಒರಗಿಸಿಟ್ಟು, ಒಂದು ಡ್ರಾಯಿಂಗ್ ಹಾಳೆಗೆ ಹಳೆಯ ಪುಟ್ಟ ಫೋಟೋಗಳನ್ನು ಅಂಟಿಸಿದೆ. ಕೆಳಗೆ ಮಾವ ಹೇಳಿದ ಹಾಗೆ ಒಂದೊಂದು ಸಾಲು ಬರೆದೆ. ದೇವಸ್ಥಾನದ ಮೇಲೆ ಹತ್ತಿ ಕೂತ ದೋಣಿ. ಬಟ್ಟೆಗೆ ಸಾಲು ನಿಂತ ಹೆಂಗಸರು. ಹೆಸರು ಗೊತ್ತಾಗದ ಅಜ್ಜ. ಅಕ್ಷರ ದುಂಡಗೆ ಬರಲೆಂದು ಉಸಿರು ಹಿಡಿದು ಬರೆದೆ. ಅಷ್ಟು ಅಂದವಾಗಿ ಬರೆದದ್ದು ಸರಿಯಲ್ಲವೇನೋ ಎಂದು ಬರೆದ ಮೇಲೆ ಅನ್ನಿಸಿತು.

ಹೈಸ್ಕೂಲಿನ ಹಾಲಿನಲ್ಲಿ ಬಿಸಿಲು ಇಳಿಯುವ ಹೊತ್ತಿಗೆ ಜನ ಸೇರಿದರು. ಹಾಳೆಯನ್ನು ಕರಿಹಲಗೆಗೆ ಒರಗಿಸಿಟ್ಟೆವು. ಮುಂದಿನ ಸಾಲಿನವರು ಬಗ್ಗಿ ನೋಡಿದರು. ಹಿಂದಿನವರಿಗೆ ಮುಂದಿನವರ ಬೆನ್ನು ಕಂಡಿತು. ಹೊಗೆ ಹಿಡಿದ ಫೋಟೋಗಳಲ್ಲಿ ನೀರು ಯಾವುದು, ನೆಲ ಯಾವುದು ಎಂದು ಒಬ್ಬರು ಇನ್ನೊಬ್ಬರನ್ನು ಕೇಳುತ್ತಿದ್ದರು. ಒಬ್ಬಾಕೆ ನನ್ನ ಹತ್ತಿರ ಬಂದು, "ಅಕ್ಷರ ಯಾರ್ದಮ್ಮ? ಮುತ್ತು ಪೋಣಿಸ್ದಂಗೈತೆ," ಎಂದು ಹೋದಳು.

ಜವಳಿ ಅಂಗಡಿಯ ಯಜಮಾನರು ಕನ್ನಡಕ ಏರಿಸಿ, ಹಾಳೆಗೆ ಮೂಗು ತಾಗುವಷ್ಟು ಬಗ್ಗಿ, ನಿಧಾನವಾಗಿ ಎಲ್ಲವನ್ನೂ ನೋಡಿದರು.

"ಯಾವೂರ ಕೆರೆ ಇದು?"

"ಕೆರೆಯಲ್ಲ. ಸಮುದ್ರದ ನೀರು. ಊರೊಳಗೆ ನಿಂತಿರೋದು," ಎಂದರು ಮಾವ.

"ನಮ್ಮೂರ ಕೆರೆ ಕೋಡಿ ಬಿದ್ದಾಗ್ಲೂ ಹಿಂಗೇ ಇತ್ತಲ್ಲಪ್ಪ." ಯಾರೋ ನಕ್ಕರು. ಯಜಮಾನರಿಗೆ ಅಷ್ಟು ಸಾಕಾಯಿತು. "ಅಲ್ಲ, ಸುಮ್ನೆ ಕೇಳ್ತೀನಿ. ಫೋಟೋ ಪೇಪರ್ನಲ್ಲೂ ಬರ್ತಾವೆ, ಸಂತೇಲೂ ಸಿಗ್ತಾವೆ. ಲಡ್ಡು ಇದ್ಯಾ ಇದ್ರಾಗೆ ಎಲ್ಲಾದ್ರೂ?"

ಈ ಸಲ ಹಿಂದಿನ ಸಾಲಿನವರೂ ನಕ್ಕರು. ಅವರಿಗೆ ಫೋಟೋ ಕಂಡಿರಲಿಲ್ಲ, ಮಾತು ಮಾತ್ರ ಸರಿಯಾಗಿ ಕೇಳಿಸಿತ್ತು. ಮಾವ ಹಾಳೆಯನ್ನು ಸುರುಳಿ ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟರು. ಅವರ ಹಿಂದೆ ನಾನು. ಆ ಸಂಜೆ ಕೂಡಿದ್ದು ಒಂದು ಮೂಟೆಯಷ್ಟೂ ಬಟ್ಟೆಯಲ್ಲ ಎಂದು ಆಮೇಲೆ ಗೊತ್ತಾಯಿತು.

ದಾರಿಯಲ್ಲಿ ಅವರು ಒಂದೇ ಮಾತು ಆಡಿದ್ದು. "ಅವನಾದ್ರೂ ಇರಬೇಕಿತ್ತು ಕಣಮ್ಮ." ಸಾಹೇಬರನ್ನು ನೆನೆದದ್ದು ಎಂದು ತಿಳಿಯಿತು.

ಮನೆಯಲ್ಲಿ ಅತ್ತೆ ಹಂಡೆ ಕಾಯಿಸಿಟ್ಟಿದ್ದರು. ಮಾವನ ಮುಖ ನೋಡಿದರು. "ಸ್ನಾನ ಮಾಡಿ," ಎಂದರು ಮಾವನಿಗೆ. ಅವತ್ತು ಆ ದನಿಯಲ್ಲಿ ಮಡಿ ಇರಲಿಲ್ಲ. ಮಾವ ಸ್ನಾನ ಮಾಡಿ ಬಂದು ಹಿತ್ತಲ ಕಲ್ಲಿನ ಮೇಲೆ ಬರಿಮೈಯಲ್ಲಿ ಕೂತರು. ನಾನು ಬೆಳಿಗ್ಗೆ ತುಂಬಿಸಿದ ನೀರು ಎಷ್ಟು ಉಳಿದಿದೆ ಎಂದು ಒಂದೊಂದೇ ಪಾತ್ರೆ ಬಗ್ಗಿಸಿ ನೋಡುತ್ತಿದ್ದೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದೋ ಗೊತ್ತಾಗುತ್ತಿರಲಿಲ್ಲ. ನಕ್ಕವರ ಮೇಲೋ, ಕಣ್ಣು ತೆರೆಸಿದವನ ಮೇಲೋ, ಇಷ್ಟು ವರ್ಷ ಅಟ್ಟ ಹತ್ತಿಸಿ ಕೂರಿಸಿದವರ ಮೇಲೋ, ತಿರುಪತಿಯ ದಾರಿಯ ಮೇಲೋ.

ಆಗ ಪಕ್ಕದ ಮನೆಯ ಅಕ್ಕ ಹಿತ್ತಲ ಬೇಲಿ ದಾಟಿಕೊಂಡು ಬಂದಳು. ಅವಳ ಗಂಡ ಗೂಡಿನ ಮಾರ್ಕೆಟ್ಟಿನಲ್ಲಿ ದಲ್ಲಾಳಿ. ಅವಳ ಅತ್ತೆ ತೀರಿಹೋಗಿ ಆಗಲೇ ಕೆಲವು ವರ್ಷ. ಲಡ್ಡು ಲಾರಿ ಎಂದು ನಮ್ಮ ಬೆನ್ನ ಹಿಂದೆ ಅವಳೂ ನಕ್ಕವಳೇ. ಕೈಯಲ್ಲಿ ಹಾಲಿನ ಪಾತ್ರೆ ಹಿಡಿದು ಗೋಡೆಗೆ ಒರಗಿಸಿದ್ದ ಫೋಟೋಗಳ ಮುಂದೆ ನಿಂತಳು. ಸಾಲು ನಿಂತ ಹೆಂಗಸರ ಫೋಟೋ ಎಲ್ಲಕ್ಕಿಂತ ಮುಂದಿತ್ತು. ಪಾತ್ರೆಯನ್ನು ಸೊಂಟಕ್ಕೆ ಒತ್ತಿಕೊಂಡು ಬಗ್ಗಿದಳು. ಸಿಕ್ಕಿದ ಸೀರೆಯನ್ನು ಆಗಲೇ ಸುತ್ತಿಕೊಂಡು ನಿಂತ ಮೊದಲ ಹೆಂಗಸಿನ ಮಂಡಿಯ ಹತ್ತಿರ ಬೆರಳಿಟ್ಟಳು.

"ಅಯ್ಯ, ಯಾರಮ್ಮಣ್ಣಿ ಈ ಬಣ್ಣ ಬಳಿದೋನು? ಕಣ್ಣಿಲ್ವಾ ಅವನ್ಗೆ? ಗಿಳಿ ಹಸಿರು ಹಾಕವ್ನೆ. ಇದು ಬದ್ನೆಕಾಯಿ ಬಣ್ಣ, ನಮ್ಮತ್ತೆ ಸೀರೆ. ಸ್ಟವ್ವಿಗೆ ತಗುಲಿ ಸುಟ್ಟಿದ್ದಕ್ಕೆ ನಾನೇ ನನ್ನ ರವಿಕೆ ತುಂಡು ತೇಪೆ ಹಾಕಿದ್ದು, ನೋಡು, ಸೊಟ್ಟಕೆ. ನಿಮ್ ಲಾರೀಗೆ ಹಾಕ್ಬಿಟ್ಟೆ ಅಂತ ಆ ಯಮ್ಮ ಸಾಯೋಗಂಟ ಬೈದ್ಲು. ಸರಿ ಬಿಡು, ಒಂಚೂರು ಹೆಪ್ಪು ಇದ್ರೆ ಕೊಡು, ಹಾಲು ಆರಿಹೋಗ್ತೈತೆ."